ಟೋಪಿಯ ಮೇಲಿನ ಹಕ್ಕಿ, ಟೋಪಿಯ ಮೇಲಿನ ಸಿಂಹ

ಕಲಬುರಗಿ ಕಡೆಯ ಕಚೇರಿಗಳಲ್ಲಿ ಕಡತ ಹೊತ್ತು ತರುವ ನೌಕರನನ್ನು ಚಪರಾಸಿ ಎಂದು ಕರೆಯುವ ರೂಢಿ ಹಳೆಯದು. ಈ ಶಬ್ದದೊಳಗೆ ಒಂದು ಬಿಲ್ಲೆ ಅಡಗಿದೆ ಎಂಬುದನ್ನು ಹೆಚ್ಚಿನವರು ಗಮನಿಸಿರಲಾರರು. ಚಪರಾಸ್ ಎಂದರೆ ಪಟ್ಟಿಗೆ ಸಿಕ್ಕಿಸುವ ಹಿತ್ತಾಳೆಯ ಬಿಲ್ಲೆ. ಅದನ್ನು ತೊಟ್ಟವನು ಚಪರಾಸಿ. ಮನುಷ್ಯನಿಗಿಂತ ಬಿಲ್ಲೆಯೇ ಮುಖ್ಯವಾಗಿ, ಕೊನೆಗೆ ಬಿಲ್ಲೆಯ ಹೆಸರೇ ಮನುಷ್ಯನ ಹೆಸರಾಯಿತು. ಬಿಲ್ಲೆ ತೊಟ್ಟವನ ಮಾತು ಅವನ ಸ್ವಂತದ್ದಲ್ಲ, ಸರ್ಕಾರದ್ದು. ಅವನಿಗೆ ಹೊಡೆದರೆ ಸರ್ಕಾರಕ್ಕೆ ಹೊಡೆದಂತೆ.

ಸೈನಿಕನ ಬಿಲ್ಲೆಯ ಅರ್ಥವೂ ಮೂಲದಲ್ಲಿ ಇದೇ. ಆದರೆ ಅದರ ಹಿಂದಿನ ಇತಿಹಾಸ ಇದಕ್ಕಿಂತ ಬಹಳ ಉದ್ದ, ಕೆಲವು ಕಡೆ ಕಹಿಯೂ ಹೌದು. ಕಿರುತೆರೆಯಲ್ಲಿ ಬಿಲ್ಲೆಯ ಚಿತ್ರವನ್ನು ಹತ್ತಿರದಿಂದ ತೋರಿಸಬಹುದು. ಅದರ ಹಿಂದಿನ ಕಥೆಗೆ ಮುದ್ರಿತ ಪುಟದಲ್ಲಿ ಜಾಗ ಹೆಚ್ಚು. ಆದ್ದರಿಂದ ಕಲ್ಯಾಣ ಕರ್ನಾಟಕಕ್ಕೆ ಸಂಬಂಧಪಟ್ಟ ಎರಡು ಬಿಲ್ಲೆಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. ಒಂದು ದಕ್ಷಿಣದಿಂದ ಇಲ್ಲಿಗೆ ಬಂದ ಎರಡು ತಲೆಯ ಹಕ್ಕಿ. ಇನ್ನೊಂದು ಇಲ್ಲಿಂದ ಹಿಮಾಲಯದ ತಪ್ಪಲಿಗೆ ಹೊರಟುಹೋದ ಅರ್ಧ ಸಿಂಹ.

ಮೊದಲು ಹಳೆಯ ಕಾಲದ ಮಾತು. ಕಲಬುರಗಿ ಜಿಲ್ಲೆಯ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ಅವರ ಲಾಂಛನ ಗರುಡ. ಅವರನ್ನು ಇಳಿಸಿ ಬಂದು, ಮುಂದೆ ಕಲ್ಯಾಣದಿಂದ ಆಳಿದ ಚಾಲುಕ್ಯರದು ವರಾಹ. ಆದರೆ ಇವು ಸೈನಿಕ ಮೈಮೇಲೆ ತೊಡುವ ಗುರುತುಗಳಾಗಿರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಲಾಂಛನ ಇದ್ದದ್ದು ಧ್ವಜದ ಮೇಲೆ, ತಾಮ್ರಪಟದ ಮುದ್ರೆಯ ಮೇಲೆ, ನಾಣ್ಯದ ಮೇಲೆ. ಅದು ಅರಸನ ಗುರುತು. ಯುದ್ಧದಲ್ಲಿ ಪರಾಕ್ರಮ ತೋರಿದವನಿಗೆ ಗಂಡಪೆಂಡೆರ ತೊಡಿಸುತ್ತಿದ್ದರು, ಬಿರುದು ಕೊಡುತ್ತಿದ್ದರು. ಅದು ಒಬ್ಬನ ಸ್ವಂತ ಗೌರವ. ಸಾವಿರ ಜನ ಒಂದೇ ಬಣ್ಣದ ಬಟ್ಟೆ ತೊಟ್ಟು, ಒಂದೇ ಗುರುತನ್ನು ಒಂದೇ ಜಾಗದಲ್ಲಿ ಸಿಕ್ಕಿಸಿಕೊಂಡು ನಿಲ್ಲುವ ಪದ್ಧತಿ ನಮ್ಮಲ್ಲಿ ನೆಲೆಯೂರಿದ್ದು 18ನೇ ಶತಮಾನದಲ್ಲಿ, ಯುರೋಪಿನ ಮಾದರಿಯ ಕವಾಯತು ಪಡೆಗಳು ಬಂದ ಮೇಲೆ. ಬೀದರ್ ಕೋಟೆಯ ಶರ್ಜಾ ದರ್ವಾಜಾದ ಮೇಲೆ ಕೆತ್ತಿದ ಹುಲಿಗಳು ಕೋಟೆಯನ್ನು ಕಾಯುತ್ತವೆ. ಬಾಗಿಲ ಕೆಳಗೆ ನಿಂತ ಕಾವಲುಗಾರ ಯಾರ ತುಕಡಿಯವನು ಎಂದು ಅವು ಹೇಳುವುದಿಲ್ಲ. ಆ ಕೆಲಸಕ್ಕೆ ಬಿಲ್ಲೆಯೇ ಬೇಕು.

ಇಂದಿನ ಸೈನಿಕನ ಸಮವಸ್ತ್ರವನ್ನು ಓದಲು ಕಲಿಯುವುದು ಕಷ್ಟವಲ್ಲ. ಟೋಪಿಯ ಮೇಲಿನ ಬಿಲ್ಲೆ ಅವನು ಯಾವ ರೆಜಿಮೆಂಟಿನವನು ಎಂದು ಹೇಳುತ್ತದೆ. ಭುಜಪಟ್ಟಿಯ ತುದಿಯಲ್ಲಿ ಹಿತ್ತಾಳೆಯ ಅಕ್ಷರಗಳಲ್ಲಿ ಅದೇ ಹೆಸರು ಇರುತ್ತದೆ. ಅಧಿಕಾರಿಯಾದರೆ ಅವನ ದರ್ಜೆಯ ನಕ್ಷತ್ರಗಳೂ ಅಶೋಕ ಸ್ತಂಭದ ಸಿಂಹವೂ ಅಲ್ಲೇ ಇರುತ್ತವೆ. ಭುಜದಿಂದ ಜೇಬಿಗೆ ಇಳಿಬಿಟ್ಟ ಹುರಿಗೆ ಲ್ಯಾನ್‌ಯಾರ್ಡ್ ಎನ್ನುತ್ತಾರೆ. ಅದರ ಬಣ್ಣವೂ ರೆಜಿಮೆಂಟಿನಿಂದ ರೆಜಿಮೆಂಟಿಗೆ ಬೇರೆ. ಬೆರೆ ಟೋಪಿಯ ಬಣ್ಣ ಕಪ್ಪಾದರೆ ಟ್ಯಾಂಕ್ ದಳ, ಕಡುಗೆಂಪಾದರೆ ಪ್ಯಾರಾಶೂಟ್ ದಳ. ಕಾಲೇಜಿನ ಎನ್.ಸಿ.ಸಿ. ವಿದ್ಯಾರ್ಥಿ ತನ್ನ ಬೆರೆಯಲ್ಲಿ ಸಿಕ್ಕಿಸುವ ಕೆಂಪು ತುರಾಯಿಯೂ ಇದೇ ಪರಂಪರೆಯದು. ಅವನ ಧ್ವಜದ ಮೂರು ಬಣ್ಣಗಳಲ್ಲಿ ಕೆಂಪು ಭೂಸೇನೆಯದು, ಕಡುನೀಲಿ ನೌಕಾಸೇನೆಯದು, ತಿಳಿನೀಲಿ ವಾಯುಸೇನೆಯದು. ನಡುವಿನ ಲಾಂಛನವನ್ನು ಸುತ್ತಿರುವ ಕಮಲಗಳನ್ನು ಎಣಿಸಿದರೆ 17. ಒಂದೊಂದೂ ಒಂದು ನಿರ್ದೇಶನಾಲಯಕ್ಕೆ.

ತೋಳಿನ ಮೇಲ್ಭಾಗದ ಗುರುತಿನದು ಬೇರೆಯೇ ಕಥೆ. ಅದು ರೆಜಿಮೆಂಟಿನದಲ್ಲ, ಆ ಹೊತ್ತಿಗೆ ತುಕಡಿ ಯಾವ ದೊಡ್ಡ ವಿಭಾಗದ ಕೈಕೆಳಗಿದೆಯೋ ಅದರದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಇದನ್ನು ರೂಢಿಗೆ ತಂದದ್ದು ಒಂದು ಉಪಾಯಕ್ಕಾಗಿ. ಬಂಡಿಗಳ ಮೇಲೆ ವಿಭಾಗದ ಸಂಖ್ಯೆ ಬರೆದರೆ ಶತ್ರುವಿಗೆ ಸುಳಿವು ಸಿಗುತ್ತದೆ. ಒಂದು ಚಿತ್ರ ಬರೆದರೆ ತಮ್ಮವರಿಗಷ್ಟೇ ತಿಳಿಯುತ್ತದೆ. ತುಕಡಿ ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋದಾಗ ತೋಳಿನ ಗುರುತು ಬಿಚ್ಚುತ್ತದೆ, ಟೋಪಿಯದು ಉಳಿಯುತ್ತದೆ. ತೋಳಿನದು ಬಾಡಿಗೆ ಮನೆ, ಟೋಪಿಯದು ಹುಟ್ಟಿದ ಮನೆ.

ಇಂಥ ಒಂದು ತೋಳಿನ ಗುರುತು ನಮ್ಮ ಸೀಮೆಯ ಮಗ್ಗುಲಲ್ಲೇ ಹಾದುಹೋಗಿದೆ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಕಮಲಾಪುರ ಸಿಗುತ್ತದೆ. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ, ಅಂದರೆ ಹಣ್ಣಿಗೂ ಒಂದು ಬಿಲ್ಲೆ! ಕಮಲಾಪುರದ ದಾರಿ ಹುಮನಾಬಾದಿನಲ್ಲಿ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯನ್ನು ಸೇರುತ್ತದೆ. 1948ರ ಸೆಪ್ಟೆಂಬರ್ 13ರಂದು ಭಾರತೀಯ ಸೇನೆ ನಿಜಾಮ ಸಂಸ್ಥಾನವನ್ನು ಪ್ರವೇಶಿಸಿದಾಗ ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ 1ನೇ ಆರ್ಮರ್ಡ್ ಡಿವಿಜನ್ ಬಂದದ್ದು ಇದೇ ಹೆದ್ದಾರಿಯಲ್ಲಿ: ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್, ಜಹೀರಾಬಾದ್. ಆ ಡಿವಿಜನ್ನಿನ ಗುರುತು ಆನೆ. ಸೆಪ್ಟೆಂಬರ್ 17ರಂದು ನಿಜಾಮರು ಯುದ್ಧವಿರಾಮ ಸಾರಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಶರಣಾದರು. ಸುಭಾ ಕೇಂದ್ರವಾಗಿದ್ದ ಕಲಬುರಗಿಯ ಕಚೇರಿಗಳ ಮೇಲಿಂದ ಆಸಫ್‌ಜಾಹಿ ಬಾವುಟ ಇಳಿಯಿತು. ಅದರ ನಡುವಿನ ದುಂಡನೆಯ ಬಿಲ್ಲೆ ಒಂದು ಕುಲ್ಚಾ ರೊಟ್ಟಿ ಎಂದು ಐತಿಹ್ಯ. ರೊಟ್ಟಿಯನ್ನು ಬಾವುಟಕ್ಕೇರಿಸಿದ ರಾಜಮನೆತನಗಳು ಲೋಕದಲ್ಲಿ ಹೆಚ್ಚಿರಲಾರವು.

ಇನ್ನು ಎರಡು ತಲೆಯ ಹಕ್ಕಿಗೆ ಬರೋಣ. ಕಲಬುರಗಿಯ ಪೊಲೀಸರ ಲಾಂಛನದಲ್ಲಿ, ರಾಜ್ಯ ಸರ್ಕಾರದ ಕಾಗದಪತ್ರಗಳ ತಲೆಯ ಮೇಲೆ ಗಂಡಭೇರುಂಡ ಇದೆ. ಮೈಸೂರು ಒಡೆಯರ ಈ ಲಾಂಛನ 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯೊಂದಿಗೆ ನಮ್ಮ ಭಾಗಕ್ಕೆ ಬಂತು. ಹಾಗಾಗಿ ಇದು ಮೈಸೂರಿನ ಹಕ್ಕಿ, ನಮಗೆ ಹೊರಗಿನದು ಎಂಬ ಮಾತು ಈ ಕಡೆ ಆಗಾಗ ಕೇಳಿಬರುತ್ತದೆ. ಆ ಮಾತು ಅರ್ಧ ಮಾತ್ರ ಸರಿ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ ಎತ್ತರವಾದ ಒಂದು ಕಲ್ಲುಕಂಬವಿದೆ. ಅದರ ತುದಿಯಲ್ಲಿ ಮನುಷ್ಯನ ಮೈ, ಎರಡು ಹಕ್ಕಿತಲೆಗಳುಳ್ಳ ಗಂಡಭೇರುಂಡ ನಿಂತಿದೆ. ಅದನ್ನು 1047ರಲ್ಲಿ ನಿಲ್ಲಿಸಿದವನು ಬನವಾಸಿ ನಾಡನ್ನು ಆಳುತ್ತಿದ್ದ ಚಾವುಂಡರಾಯ. ಗಂಡಭೇರುಂಡ ಎಂಬುದು ಅವನ ಬಿರುದು. ಅವನು ಯಾರ ಸಾಮಂತ? ಚಾಲುಕ್ಯ ಚಕ್ರವರ್ತಿ ಒಂದನೇ ಸೋಮೇಶ್ವರನ ಸಾಮಂತ. ಸೋಮೇಶ್ವರನ ರಾಜಧಾನಿ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಹುಮನಾಬಾದಿನ ನೆರೆಯ ಊರು. ಆನೆಯನ್ನೂ ಎತ್ತಿ ಹಾರಬಲ್ಲ ಈ ಹಕ್ಕಿ ಕಲ್ಯಾಣದ ಸಾಮ್ರಾಜ್ಯದೊಳಗೆ ಒಬ್ಬ ವೀರನ ಬಿರುದಾಗಿತ್ತು. ಮುಂದೆ ವಿಜಯನಗರದ ಅಚ್ಯುತರಾಯನ ನಾಣ್ಯಗಳ ಮೇಲೆ ಕುಳಿತಿತು, ಮೈಸೂರಿನ ಸಿಂಹಾಸನದವರಿಗೆ ಲಾಂಛನವಾಯಿತು. 1956ರಲ್ಲಿ ಅದು ಕಲ್ಯಾಣದ ನೆಲಕ್ಕೆ ಬಂದದ್ದನ್ನು ಆಗಮನ ಎನ್ನುವುದಕ್ಕಿಂತ ಮರಳಿ ಬಂದದ್ದು ಎನ್ನುವುದೇ ನನಗೆ ಸರಿ ಕಾಣುತ್ತದೆ.

ಈ ಹಕ್ಕಿಗೆ ಸೇನೆಯಲ್ಲಿಯೂ ಒಂದು ಬಾಳು ದೊರೆಯಿತು. ಮೈಸೂರು ಲ್ಯಾನ್ಸರ್ಸ್ ಎಂಬ ಸಂಸ್ಥಾನದ ಕುದುರೆ ದಳ ಮೊದಲ ಮಹಾಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ತೀನ್ ರಂಗಗಳಲ್ಲಿ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದ ದಾಳಿಯಲ್ಲಿ ಮುಂದಿದ್ದವು ಜೋಧಪುರ ಮತ್ತು ಮೈಸೂರಿನ ಸವಾರರ ದಳಗಳು. ಈಟಿ ಹಿಡಿದ ಸವಾರರು ಮಷಿನ್ ಗನ್ನುಗಳ ಮೇಲೆ ಏರಿಹೋಗಿ ಗೆದ್ದದ್ದು ಯುದ್ಧಚರಿತ್ರೆಯಲ್ಲಿಯೇ ಅಪರೂಪ. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಕುದುರೆ ದಳಗಳನ್ನು ಒಟ್ಟುಗೂಡಿಸಿ 1953ರಲ್ಲಿ ಗ್ವಾಲಿಯರಿನಲ್ಲಿ ಹೊಸ ದಳವೊಂದನ್ನು ಕಟ್ಟಲಾಯಿತು. ಮರುವರ್ಷ ಅದಕ್ಕೆ 61ನೇ ಕ್ಯಾವಲ್ರಿ ಎಂಬ ಹೆಸರು ಬಂತು. ಅದರ ಬಿಲ್ಲೆಗೆ ಆಯ್ಕೆಯಾದದ್ದು ಎರಡು ತಲೆಯ ಹಕ್ಕಿ. ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಕುದುರೆಗಳ ಮೇಲೆ ಬರುವ ಆ ಸವಾರರು ರಾಜಸ್ಥಾನದವರಿರಬಹುದು, ಬೇರೆ ಪ್ರಾಂತದವರಿರಬಹುದು. ಅವರ ಬಿಲ್ಲೆಯ ಮೇಲೆ ಇರುವುದು ಕನ್ನಡನಾಡಿನ ಹಕ್ಕಿ.

ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಮೂವರು ಸೈನಿಕರ ಕಂಚಿನ ಪ್ರತಿಮೆಗಳಿವೆ. 1922ರಲ್ಲಿ ನಿಂತ ಆ ಸ್ಮಾರಕದ ಮೂವರು ಪ್ರತಿನಿಧಿಸುವುದು ಜೋಧಪುರ, ಮೈಸೂರು ಮತ್ತು ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ ದಳಗಳನ್ನು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಪ್ರವಾಸ ಹೋದ ನಮ್ಮ ವಿದ್ಯಾರ್ಥಿಗಳು ಮೈಸೂರಿನ ಹೆಸರು ಕಂಡು ಹಿಗ್ಗುತ್ತಾರೆ, ಹೈದರಾಬಾದಿನದನ್ನು ಬೇರೆಯವರದೆಂದು ಬಿಟ್ಟುಬಿಡುತ್ತಾರೆ. 1922ರಲ್ಲಿ ಕಲಬುರಗಿ, ಬೀದರ್, ರಾಯಚೂರು ಯಾವ ಸಂಸ್ಥಾನದಲ್ಲಿದ್ದವು ಎಂಬುದನ್ನು ನೆನೆದರೆ ಆ ಮೂವರಲ್ಲಿ ಇಬ್ಬರು ಇಂದಿನ ಕರ್ನಾಟಕದ ಎರಡು ಭಾಗಗಳನ್ನು ಆಳಿದ ಸಂಸ್ಥಾನಗಳ ಪರವಾಗಿ ನಿಂತವರು ಎಂಬುದು ಹೊಳೆಯುತ್ತದೆ. ಮೈಸೂರು ಲ್ಯಾನ್ಸರ್ಸ್ 61ನೇ ಕ್ಯಾವಲ್ರಿಯಲ್ಲಿ ಉಳಿಯಿತು. ಅದಕ್ಕೆ ಸೇರಿದ ದಳಗಳ ಪಟ್ಟಿಯಲ್ಲಿ ಹೈದರಾಬಾದ್ ಲ್ಯಾನ್ಸರ್ಸ್ ಇಲ್ಲ.

ಹೈದರಾಬಾದ್ ಎಂಬ ಹೆಸರನ್ನು ಹೊತ್ತ ಇನ್ನೊಂದು ದೊಡ್ಡ ಪಡೆ ಇತ್ತು. ಅದರ ಬಿಲ್ಲೆ ಇಂದಿಗೂ ಇದೆ. ಉತ್ತರಾಖಂಡದ ರಾನಿಖೇತ್‌ನಲ್ಲಿ ಕೇಂದ್ರವುಳ್ಳ ಕುಮಾವೂ ರೆಜಿಮೆಂಟಿನ ಟೋಪಿಯ ಮೇಲೆ ಒಂದು ಸಿಂಹವಿದೆ. ಪೂರ್ತಿ ಸಿಂಹವಲ್ಲ, ಮೇಲರ್ಧ ಮಾತ್ರ. ಅದು ಎದ್ದುನಿಂತು ಮುಂಗಾಲುಗಳಲ್ಲಿ ಶಿಲುಬೆಯೊಂದನ್ನು ಹಿಡಿದಿದೆ. ಹಿಮಾಲಯದ ಗುಡ್ಡಗಾಡಿನ ರೆಜಿಮೆಂಟಿಗೆ ಈ ಸಿಂಹ ಎಲ್ಲಿಂದ ಬಂತು? ಹೈದರಾಬಾದಿನಿಂದ. ಹೈದರಾಬಾದಿಗೆ ಎಲ್ಲಿಂದ ಬಂತು? ಇಂಗ್ಲೆಂಡಿನ ಒಂದು ಮನೆತನದಿಂದ.

ಹೆನ್ರಿ ರಸೆಲ್ ಎಂಬಾತ 1811ರಿಂದ 1820ರವರೆಗೆ ನಿಜಾಮರ ಆಸ್ಥಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟ್ ಆಗಿದ್ದ. 1813ರಲ್ಲಿ ಅವನು ಕಂಪನಿ ಸೈನ್ಯದ ಮಾದರಿಯಲ್ಲಿ ಎರಡು ಪಡೆಗಳನ್ನು ಕಟ್ಟಿಸಿದ. ಅಧಿಕಾರಿಗಳು ಇಂಗ್ಲಿಷರು, ಸಂಬಳ ನಿಜಾಮರದು, ಹೆಸರು ರಸೆಲ್ ಬ್ರಿಗೇಡ್! ಆ ಅರ್ಧ ಸಿಂಹ ರಸೆಲ್ ಮನೆತನದ ಕುಲಚಿಹ್ನೆ. ಮುಂದೆ ಈ ಪಡೆಯೂ ವರ್ಹಾಡ, ಎಲಿಚ್‌ಪುರಗಳ ಪಡೆಗಳೂ ಸೇರಿ ಹೈದರಾಬಾದ್ ಕಂಟಿಂಜೆಂಟ್ ಆಯಿತು. ಅದರ ದಂಡಿನ ಠಾಣೆಗಳಲ್ಲೊಂದು ರಾಯಚೂರು ಜಿಲ್ಲೆಯ ಲಿಂಗಸುಗೂರು.

ಬಿಲ್ಲೆಗೆ ಹಾಕಿದ ಹಿತ್ತಾಳೆಯ ಬೆಲೆ ಅಲ್ಪ. ಆ ಬಿಲ್ಲೆಯ ಪಡೆಯನ್ನು ಸಾಕಿದ ಬೆಲೆ ದೊಡ್ಡದು. ಸಂಬಳದ ಬಾಕಿ ಏರುತ್ತಾ ಹೋಗಿ ನಿಜಾಮರು ಕಂಪನಿಗೆ ಸಾಲಗಾರರಾದರು. 1853ರ ಒಪ್ಪಂದದಲ್ಲಿ ಕಂಟಿಂಜೆಂಟಿನ ಖರ್ಚಿಗೆಂದು ಬ್ರಿಟಿಷರು ಬರೆಸಿಕೊಂಡದ್ದು ವರ್ಹಾಡ ಪ್ರಾಂತ, ಧಾರಾಶಿವದ ಸೀಮೆ ಮತ್ತು ನಮ್ಮ ರಾಯಚೂರು ದೋಆಬ್. ಕೃಷ್ಣಾ-ತುಂಗಭದ್ರೆಗಳ ನಡುವಿನ ಈ ನೆಲಕ್ಕಾಗಿ ವಿಜಯನಗರವೂ ಬಹಮನಿಗಳೂ ತಲೆಮಾರುಗಳ ಕಾಲ ಕಾದಾಡಿದ್ದವು. ಅದೇ ನೆಲ ಒಂದು ಪಡೆಯ ಪಗಾರಕ್ಕೆ ಒತ್ತೆಯಾಯಿತು. ದೋಆಬಿನ ರೈತ ಕಟ್ಟಿದ ಕಂದಾಯ ಏಳು ವರ್ಷ ಆ ಸಂಬಳದ ಲೆಕ್ಕಕ್ಕೆ ಜಮೆಯಾಯಿತು. 1860ರಲ್ಲಿ ದೋಆಬ್ ನಿಜಾಮರಿಗೆ ಮರಳಿತು. ವರ್ಹಾಡ ಕೊನೆಯವರೆಗೂ ಬ್ರಿಟಿಷರ ಕೈಯಲ್ಲೇ ಉಳಿಯಿತು.

ಆ ಏಳು ವರ್ಷಗಳೊಳಗೇ ಸುರಪುರ ಬಿತ್ತು. ಇಂದಿನ ಯಾದಗಿರಿ ಜಿಲ್ಲೆಯ ಈ ನಾಯಕ ಸಂಸ್ಥಾನದ ಎಳೆಯ ಅರಸ ರಾಜಾ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದಾಗ, 1858ರ ಫೆಬ್ರವರಿಯಲ್ಲಿ ಸುರಪುರದ ಮೇಲೆ ನಡೆದುಬಂದದ್ದು ಲಿಂಗಸುಗೂರಿನ ಠಾಣೆಯ ಕಂಟಿಂಜೆಂಟ್ ಪಡೆ. ಬಾಲ್ಯದಲ್ಲಿ ವೆಂಕಟಪ್ಪನನ್ನು ಸಾಕಿ ಬೆಳೆಸಿದ ಮೆಡೋಸ್ ಟೇಲರ್ ಕೂಡ ನಿಜಾಮರ ಸೈನ್ಯದ ಸೇವೆಯಿಂದಲೇ ಮೇಲೆ ಬಂದ ಅಧಿಕಾರಿ. ಬಾಲಕನಿಗೆ ರಕ್ಷಕನನ್ನು ಕೊಟ್ಟದ್ದೂ ತರುಣನ ಮೇಲೆ ಬಂದೂಕು ಎತ್ತಿದ್ದೂ ಒಂದೇ ವ್ಯವಸ್ಥೆ. ಸುರಪುರದ ಮಕ್ಕಳು ಪಠ್ಯದಲ್ಲಿ ವೆಂಕಟಪ್ಪ ನಾಯಕನ ಕಥೆ ಓದುತ್ತಾರೆ. ಎದುರು ನಿಂತ ಪಡೆ ಯಾವುದು, ಅದರ ಅನ್ನ ಯಾವ ನೆಲದ್ದು ಎಂಬುದನ್ನೂ ಜೊತೆಗೆ ಓದಿದರೆ ಕಥೆ ಪೂರ್ತಿಯಾಗುತ್ತದೆ.

ಬಿಲ್ಲೆಯ ಪ್ರಯಾಣ ಅಲ್ಲಿಗೆ ನಿಲ್ಲಲಿಲ್ಲ. 1903ರಲ್ಲಿ ಕಂಟಿಂಜೆಂಟನ್ನು ಭಾರತದ ಸೈನ್ಯದಲ್ಲಿ ಕರಗಿಸಿ ಅದರ ಪದಾತಿ ಪಡೆಗಳಿಗೆ 94ರಿಂದ 99ರವರೆಗೆ ಸಂಖ್ಯೆ ಕೊಟ್ಟರು. ಮೊದಲೆರಡು ಪಡೆಗಳ ಹೆಸರಿನಲ್ಲಿ ರಸೆಲ್ ಆಗಲೂ ಉಳಿದ. 1922ರಲ್ಲಿ ಇವು 19ನೇ ಹೈದರಾಬಾದ್ ರೆಜಿಮೆಂಟಿಗೆ ಸೇರಿದವು. ಅಷ್ಟರಲ್ಲಿ ಸೈನಿಕರ ನೇಮಕ ದಖನಿನಿಂದ ಉತ್ತರಕ್ಕೆ ಸರಿದಿತ್ತು. ಕುಮಾವೂ ಗುಡ್ಡಗಳವರು, ಅಹೀರರು, ಜಾಟರು ತುಂಬಿದ್ದರು. ಹೆಸರು ಹೈದರಾಬಾದಿನದು, ಜನ ಅಲ್ಲಿಯವರಲ್ಲ. 1945ರ ಅಕ್ಟೋಬರ್ 27ರಂದು ರೆಜಿಮೆಂಟಿನ ಹೆಸರು ಕುಮಾವೂ ಎಂದು ಬದಲಾಯಿತು. ಹೈದರಾಬಾದ್ ಎಂಬ ಶಬ್ದ ಹೋಯಿತು, ಸಿಂಹ ಉಳಿಯಿತು.

ಆ ಸಿಂಹದ ರೆಜಿಮೆಂಟಿನಲ್ಲೇ ಒಬ್ಬ ಕನ್ನಡನಾಡಿನವರು ಬೆಳೆದರು ಎಂಬುದನ್ನು ಇಲ್ಲಿ ನೆನೆಯಬೇಕು. ಕೊಡಗಿನ ಕೆ.ಎಸ್. ತಿಮ್ಮಯ್ಯ ಸೇರಿದ್ದು 19ನೇ ಹೈದರಾಬಾದಿನ 4ನೇ ಬೆಟಾಲಿಯನ್ನಿಗೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ರಂಗದಲ್ಲಿ ಅದೇ ರೆಜಿಮೆಂಟಿನ 8ನೇ ಬೆಟಾಲಿಯನ್ನನ್ನು ನಡೆಸಿದರು. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾದರು. 1947ರ ನವೆಂಬರ್ 3ರಂದು ಕಾಶ್ಮೀರದ ಬಡಗಾಂನಲ್ಲಿ ಹುತಾತ್ಮರಾದ ಮೇಜರ್ ಸೋಮನಾಥ ಶರ್ಮಾ ಸೈನ್ಯ ಸೇರಿದ್ದೂ ಆ 8ನೇ ಬೆಟಾಲಿಯನ್ನಿಗೇ. ಸಾಯುವಾಗ ಅವರು 4ನೇ ಕುಮಾವೂದಲ್ಲಿದ್ದರು. ಸ್ವತಂತ್ರ ಭಾರತದ ಮೊದಲ ಪರಮವೀರ ಚಕ್ರ ಅವರದು. 1962ರ ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ ಕೊನೆಯ ಗುಂಡಿನವರೆಗೆ ಹೋರಾಡಿದವರು 13ನೇ ಕುಮಾವೂದವರು.

ಹಾಗಾದರೆ ಆ ಸಿಂಹ ಯಾರದು? ರಸೆಲನದೇ? ಲಿಂಗಸುಗೂರಿನ ದಂಡಿನದೇ? ಸೋಮನಾಥ ಶರ್ಮಾರದೇ? ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲ. ವಸಾಹತು ಕಾಲದ ಗುರುತುಗಳನ್ನು ಕಳಚುವ ಕೆಲಸ ನಮ್ಮಲ್ಲಿ ನಡೆದೇ ಇದೆ. 1950ರಲ್ಲಿ ಗಣರಾಜ್ಯವಾದಾಗ ಬಿಲ್ಲೆಗಳ ಮೇಲಿಂದ ಬ್ರಿಟಿಷ್ ಕಿರೀಟ ಇಳಿದು ಅಶೋಕನ ಸಿಂಹಗಳು ಬಂದವು. 2022ರ ಸೆಪ್ಟೆಂಬರ್ 2ರಂದು ನೌಕಾಸೇನೆಯ ಧ್ವಜದಿಂದ ಸಂತ ಜಾರ್ಜನ ಕೆಂಪು ಶಿಲುಬೆಯನ್ನು ತೆಗೆದು, ಶಿವಾಜಿಯ ಮುದ್ರೆಯಿಂದ ಸ್ಫೂರ್ತಿ ಪಡೆದ ಅಷ್ಟಕೋನದ ಚಿಹ್ನೆಯನ್ನು ಇಟ್ಟರು. 2023ರ ಆಗಸ್ಟ್ 1ರಿಂದ ಬ್ರಿಗೇಡಿಯರ್ ಮತ್ತು ಅದಕ್ಕೂ ಮೇಲಿನ ಅಧಿಕಾರಿಗಳಿಗೆ ಒಂದೇ ಬಗೆಯ ಸಮವಸ್ತ್ರ ಬಂತು. ಇದಕ್ಕೆ ವಸಾಹತು ಕಾಲದ ಕಾರಣವಿಲ್ಲ. ದೊಡ್ಡ ಅಧಿಕಾರಿ ತನ್ನ ಹಳೆಯ ರೆಜಿಮೆಂಟಿನ ಪಕ್ಷಪಾತಿಯಾಗಬಾರದು ಎಂಬ ಉದ್ದೇಶ. ಒಬ್ಬ ಮನುಷ್ಯ ಮೂವತ್ತು ವರ್ಷ ತೊಟ್ಟ ಟೋಪಿಯ ಬಿಲ್ಲೆಯನ್ನೂ ಭುಜದ ಹುರಿಯನ್ನೂ ಬಿಚ್ಚಿಡಬೇಕಾಗುತ್ತದೆ. ಬಿಲ್ಲೆ ಮನಸ್ಸಿನೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಧ್ವಜ ಇಡೀ ದೇಶದ್ದು, ಅದನ್ನು ಬದಲಿಸುವ ಹಕ್ಕು ದೇಶಕ್ಕಿದೆ. ಕಿರೀಟ ಹೋಗಲೇಬೇಕಿತ್ತು, ಅದು ಒಬ್ಬ ಒಡೆಯನ ಗುರುತಾಗಿತ್ತು. ರೆಜಿಮೆಂಟಿನ ಬಿಲ್ಲೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬಡಗಾಂ, ರೆಜಾಂಗ್ ಲಾಗಳ ಬಳಿಕ ರಸೆಲ್ ಮನೆತನಕ್ಕೆ ಆ ಸಿಂಹದ ಮೇಲೆ ಹಕ್ಕು ಉಳಿದಿಲ್ಲ. ಅದನ್ನು ಕಿತ್ತು ಹಾಕಿದರೆ ರಸೆಲನಿಗೆ ಆಗುವ ನಷ್ಟವೇನೂ ಇಲ್ಲ, ರಾಯಚೂರು ದೋಆಬ್ ಒತ್ತೆಬಿದ್ದದ್ದಕ್ಕೆ ಇರುವ ಒಂದು ಸಾಕ್ಷಿ ಹೋಗುತ್ತದೆ. ಸಿಂಹ ಇರಲಿ. ಆದರೆ ಅದನ್ನು ಯಾರ ಖರ್ಚಿನಲ್ಲಿ ಸಾಕಿದ್ದು ಎಂಬುದನ್ನು ನಮ್ಮ ಜಿಲ್ಲೆಗಳ ಇತಿಹಾಸದ ಪಾಠದಲ್ಲಿ ಹೇಳದೆ ಬಿಟ್ಟರೆ ಅದು ಬರೀ ಅಲಂಕಾರ.

ಹಿತ್ತಾಳೆಯ ಬಿಲ್ಲೆಗಳನ್ನು ದಿನವೂ ಉಜ್ಜಿ ಹೊಳೆಯಿಸುವುದು ಸೈನಿಕನ ಕೆಲಸಗಳಲ್ಲೊಂದು. ಉಜ್ಜಿ ಉಜ್ಜಿ ಹಳೆಯ ಬಿಲ್ಲೆಗಳಲ್ಲಿ ಸಿಂಹದ ಕೇಸರ, ಹಕ್ಕಿಯ ಗರಿಗೆರೆ ಸವೆದು ನುಣ್ಣಗಾಗುತ್ತವೆ. ಪಾಲಿಶ್ ಬೇಡದ ಹೊಸ ಬಗೆಯ ಲೋಹದ ಬಿಲ್ಲೆಗಳು ಬಂದ ಮೇಲೆ ಆ ಶ್ರಮ ತಪ್ಪಿತು. ಕಲಬುರಗಿ, ಕಮಲಾಪುರಗಳ ಎಷ್ಟೋ ಮನೆಗಳ ಹಳೆಯ ಟ್ರಂಕುಗಳಲ್ಲಿ ಅಜ್ಜಂದಿರ ಇಂಥ ಸವೆದ ಬಿಲ್ಲೆ, ಗುಂಡಿ, ನಡುಪಟ್ಟಿಯ ಕೊಂಡಿಗಳು ಇನ್ನೂ ಇರಬಹುದು: ನಿಜಾಮರ ಪಡೆಯವು, ಪೊಲೀಸು ಇಲಾಖೆಯವು, ಕಚೇರಿಯ ಚಪರಾಸಿನವು. ಸಿಕ್ಕಿದರೆ ಅವನ್ನು ಮೊದಲು ತಿಕ್ಕಿ ತೊಳೆಯಲು ಹೋಗಬೇಡಿ. ಹಿಂಬದಿಯನ್ನು ತಿರುಗಿಸಿ ನೋಡಿ. ಸಿಕ್ಕಿಸುವ ಕೊಂಡಿಗಳ ಪಕ್ಕದಲ್ಲಿ ಕೆಲವೊಮ್ಮೆ ತಯಾರಕನ ಹೆಸರೋ ಸಂಖ್ಯೆಯೋ ಒತ್ತಿರುತ್ತದೆ. ಅದನ್ನು ಒಂದು ಕಾಗದದ ಮೇಲೆ ಬರೆದುಕೊಂಡು, ತೊಟ್ಟವರು ಯಾರು, ಯಾವ ವರ್ಷ, ಯಾವ ಊರಲ್ಲಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ, ಆ ಕಾಗದವನ್ನು ಬಿಲ್ಲೆಯ ಜೊತೆಗೇ ಕಟ್ಟಿಡಿ.